ಮೊದಲು ದೀಪ, ಆಮೇಲೆ ಫೋನ್



ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ನಮ್ಮ ಕಡೆ ಸೈಕಲ್ ಯಾತ್ರೆಯ ಮಾತು ಶುರುವಾಗುತ್ತದೆ. ಕೆಲವರಿಗೆ ಮಂಜೇಶ್ವರದಿಂದ ಬೇಕಲ ಸಾಕು. ಕೆಲವರಿಗೆ ವಯನಾಡಿನ ಘಾಟಿ ಹತ್ತಬೇಕು. ಇನ್ನೂ ಧೈರ್ಯವಿದ್ದವರು ತಲಪಾಡಿಯಿಂದ ಹೆದ್ದಾರಿ ಹಿಡಿದು ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ತುಳಿದು ಕನ್ಯಾಕುಮಾರಿ ನೋಡುವ ಕನಸು ಕಾಣುತ್ತಾರೆ. ಕನಸು ಒಳ್ಳೆಯದು. ಅದರ ಹಿಂದೆಯೇ ವಾಟ್ಸಾಪ್‌ನಲ್ಲಿ ಬರುವ ಸಾಮಾನಿನ ಪಟ್ಟಿಯ ಬಗ್ಗೆ ನನಗೆ ತಕರಾರಿದೆ.

ಇಂಥ ಪಟ್ಟಿಗಳನ್ನು ನೀವೂ ನೋಡಿದ್ದೀರಿ. 20,000 ಎಂಎಎಚ್ ಪವರ್ ಬ್ಯಾಂಕ್, ಮಡಚುವ ಸೋಲಾರ್ ಪ್ಯಾನೆಲ್, ಹ್ಯಾಂಡಲ್‌ಗೆ ಫೋನ್ ಸ್ಟ್ಯಾಂಡ್, ಬ್ಲೂಟೂತ್ ಸ್ಪೀಕರ್, ಕ್ಯಾಮೆರಾ. ಕೊನೆಯಲ್ಲಿ, ಪಂಕ್ಚರ್ ಕಿಟ್ಟಿನ ಕೆಳಗೆ, ಒಂದು ಸಾಲು: "ಲೈಟ್ (ಇದ್ದರೆ)". ಆವರಣದೊಳಗಿನ ಆ "ಇದ್ದರೆ" ಎಂಬ ಪದದ ವಿರುದ್ಧವೇ ಈ ಬರಹ. ನಮ್ಮ ಪಟ್ಟಿಗಳು ತಲೆಕೆಳಗಾಗಿವೆ. ಸೈಕಲ್ ಮೇಲೆ ವಿದ್ಯುತ್ ಬೇಕಾಗಿರುವುದು ಮೊದಲು ದೀಪಕ್ಕೆ, ಆಮೇಲೆ ಫೋನಿಗೆ. ಸೋಲಾರ್ ಹಾಳೆಗೆ ಹಣ ಸುರಿಯುವುದು ನಮ್ಮ ಊರಿನ ಯಾತ್ರೆಗಳ ಮಟ್ಟಿಗೆ ಶುದ್ಧ ದಂಡ. ಕೋಪ ಮಾಡಿಕೊಳ್ಳುವ ಮೊದಲು ಲೆಕ್ಕ ಕೇಳಿ.

ಸೂರ್ಯ ಉಚಿತ, ಪ್ಯಾನೆಲ್ ಅಲ್ಲ

ಪ್ಯಾನೆಲ್ ಮೇಲೆ 10 ವ್ಯಾಟ್ ಎಂದು ಬರೆದಿದ್ದರೆ ಅದು ಪ್ರಯೋಗಶಾಲೆಯ ಮಾತು. ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ನೇರವಾಗಿ ಬೀಳಬೇಕು, ಪ್ಯಾನೆಲಿನ ಒಳಗಿನ ಸೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗಿರಬೇಕು. ಆಗ ಮಾತ್ರ 10 ವ್ಯಾಟ್.

ನಮ್ಮ ಯಾತ್ರೆ ಹೇಗಿರುತ್ತದೆ? ಬಿಸಿಲಿಗೆ ಹೆದರಿ ನಾವು ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ, ಹತ್ತು ಹನ್ನೊಂದಕ್ಕೆ ನೆರಳು ಹುಡುಕುತ್ತೇವೆ. ಎಂಟು ಗಂಟೆಗೆ ಸೂರ್ಯ ದಿಗಂತದಿಂದ ಇಪ್ಪತ್ತು ಇಪ್ಪತ್ತೈದು ಡಿಗ್ರಿಯಷ್ಟೇ ಮೇಲಿರುತ್ತಾನೆ. ಕ್ಯಾರಿಯರ್ ಮೇಲೆ ಅಡ್ಡ ಮಲಗಿದ ಪ್ಯಾನೆಲಿಗೆ ಬೆಳಕು ಓರೆಯಾಗಿ ಬೀಳುತ್ತದೆ. 10 ವ್ಯಾಟಿನಲ್ಲಿ ಮೂರು ಸಿಕ್ಕರೆ ಪುಣ್ಯ. ಅದರ ಮೇಲೆ ಸವಾರನ ಬೆನ್ನಿನ ನೆರಳು, ತೆಂಗಿನ ಗರಿಯ ನೆರಳು, ಪಕ್ಕದಲ್ಲಿ ಹೋಗುವ ಲಾರಿಯ ನೆರಳು. ಪ್ಯಾನೆಲಿನ ಸೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದಕ್ಕೆ ನೆರಳು ಬಿದ್ದರೆ ಇಡೀ ಸಾಲಿನ ಕರೆಂಟ್ ಕುಸಿಯುತ್ತದೆ. ನೀರಿನ ಪೈಪನ್ನು ಒಂದೇ ಕಡೆ ಒತ್ತಿ ಹಿಡಿದರೂ ಇಡೀ ಪೈಪಿನ ಹರಿವು ನಿಲ್ಲುವಂತೆ.

ಸರಿ, ಮಧ್ಯಾಹ್ನದ ಬಿಸಿಲಿನಲ್ಲಿ ಬಿಚ್ಚಿ ಇಡೋಣ ಎನ್ನುತ್ತೀರಿ. ಒಪ್ಪುತ್ತೇನೆ, ನಿಂತಲ್ಲಿ ಪ್ಯಾನೆಲ್ ಕೆಲಸ ಮಾಡುತ್ತದೆ. ಆದರೆ ಕಪ್ಪು ಹಾಳೆ ಆ ಬಿಸಿಲಿನಲ್ಲಿ 60 ಡಿಗ್ರಿ ದಾಟುತ್ತದೆ. ಸಿಲಿಕಾನ್ ಸೆಲ್ ಪ್ರತಿ ಡಿಗ್ರಿ ಬಿಸಿಗೆ ಸುಮಾರು 0.4 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿಯಿಂದಲೇ ಹದಿನೈದು ಶೇಕಡಾ ಹೋಯಿತು. ಮೂರು ಗಂಟೆ ಬಿಸಿಲಿಗಿಟ್ಟು, ಕದಿಯದಂತೆ ಒಬ್ಬ ಕಾವಲು ಕುಳಿತು, ಕೊನೆಗೆ ಸಿಗುವುದು ಇಪ್ಪತ್ತು ವ್ಯಾಟ್-ಅವರ್ ಆಸುಪಾಸು. ಅಂದರೆ ಹೆಚ್ಚೆಂದರೆ ಒಂದು ಫೋನ್. ಅದೂ ಫೋನನ್ನು ಅದೇ ಬಿಸಿಲಿನಲ್ಲಿ ಬೇಯಿಸದಿದ್ದರೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಅದಕ್ಕೇ ಫೋನ್ ಬಿಸಿಯಾದಾಗ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ.

ಇಷ್ಟೆಲ್ಲ ಮಾಡುವಾಗ ನಾವು ಕುಳಿತಿರುವುದು ಎಲ್ಲಿ? ಯಾವುದೋ ಹೋಟೆಲಿನ ಮುಂದೆ, ಗೋಡೆಯಲ್ಲಿ ಪ್ಲಗ್ ಇರುವ ಜಾಗದಲ್ಲಿ!

ಲಡಾಖಿನ ಕಡೆಗೆ ದಿನಗಟ್ಟಲೆ ಪ್ಲಗ್ ಕಾಣದೆ ಹೋಗುವವರಿಗೆ ಸೋಲಾರ್ ಬೇಕಾಗಬಹುದು. ಅಲ್ಲಿ ಆಕಾಶ ತಿಳಿ, ಗಾಳಿ ತಂಪು, ನೆರಳು ಕೊಡಲು ಮರವೇ ಇಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ರಸ್ತೆಯ ಎರಡೂ ಬದಿ ಮರ ಬೆಳೆದು, ಎರಡು ಕಿಲೋಮೀಟರಿಗೊಂದು ಚಹಾದಂಗಡಿ ಇರುವ ನಾಡಿನಲ್ಲಿ ಅದು ಒಂದು ಅಲಂಕಾರ.

ಡೈನಮೋ ಎಂಬ ಹಳೆಯ ನ್ಯಾಯ

ಮನೆಯ ಹಿರಿಯರನ್ನು ಕೇಳಿ. ಒಂದು ಕಾಲದಲ್ಲಿ ರಾತ್ರಿ ದೀಪವಿಲ್ಲದೆ ಸೈಕಲ್ ಓಡಿಸಿದರೆ ಪೊಲೀಸರು ಹಿಡಿಯುತ್ತಿದ್ದರು, ದಂಡ ಹಾಕುತ್ತಿದ್ದರು. ಅದಕ್ಕಾಗಿ ಟೈರಿಗೆ ಒತ್ತಿಕೊಂಡು ತಿರುಗುವ ಬಾಟಲಿಯಾಕಾರದ ಡೈನಮೋ ಇರುತ್ತಿತ್ತು. "ಗುಂಯ್" ಎಂದು ಸದ್ದು ಮಾಡುತ್ತಿತ್ತು, ಮಳೆಯಲ್ಲಿ ಜಾರುತ್ತಿತ್ತು, ಟೈರಿನ ಪಕ್ಕವನ್ನು ತಿನ್ನುತ್ತಿತ್ತು. ಆದರೂ ದೀಪ ಉರಿಯುತ್ತಿತ್ತು. ಇಂದು ಸೈಕಲಿಗೆ ಇಪ್ಪತ್ತೊಂದು ಗೇರು ಬಂದಿದೆ, ಡಿಸ್ಕ್ ಬ್ರೇಕ್ ಬಂದಿದೆ, ದೀಪ ಹೋಗಿದೆ. ಇದನ್ನು ಪ್ರಗತಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಡೈನಮೋದ ಒಳಗಿನ ಗುಟ್ಟು ಶಾಲೆಯಲ್ಲಿ ಓದಿದ್ದೇ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದರು. ಅದನ್ನೇ ಚಕ್ರದ ನಡುವಿನ ಹಬ್ ಒಳಗೆ ಅಡಗಿಸಿದ್ದು ಹಬ್ ಡೈನಮೋ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿ 1930ರ ದಶಕದಲ್ಲೇ ಇಂಥದ್ದನ್ನು ಮಾರುಕಟ್ಟೆಗೆ ತಂದಿತ್ತು. 1990ರ ದಶಕದಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ವಿಲ್‌ಫ್ರೀಡ್ ಶ್ಮಿಟ್ ಹೆಚ್ಚು ದಕ್ಷತೆಯ ಹಬ್ ತಯಾರಿಸಿದರು. ಜಪಾನಿನ ಶಿಮಾನೋ ಕಂಪನಿಯೂ ಇಂಥ ಹಬ್ ಮಾಡುತ್ತದೆ. ಉಜ್ಜಾಟವಿಲ್ಲ, ಸದ್ದಿಲ್ಲ, ಮಳೆಯ ಹೆದರಿಕೆ ಇಲ್ಲ.

ಜರ್ಮನಿಯ ಸಂಚಾರ ನಿಯಮದಲ್ಲಿ ಸಾಮಾನ್ಯ ಸೈಕಲಿಗೆ 6 ವೋಲ್ಟ್, 3 ವ್ಯಾಟಿನ ಡೈನಮೋ ಕಡ್ಡಾಯವಾಗಿತ್ತು. 2013ರಲ್ಲಷ್ಟೇ ಬ್ಯಾಟರಿ ದೀಪಕ್ಕೂ ಒಪ್ಪಿಗೆ ಸಿಕ್ಕಿತು. ಆ 3 ವ್ಯಾಟಿನಲ್ಲಿ 2.4 ವ್ಯಾಟ್ ಮುಂದಿನ ಬಲ್ಬಿಗೆ, 0.6 ವ್ಯಾಟ್ ಹಿಂದಿನ ಕೆಂಪು ದೀಪಕ್ಕೆ. ಹಳೆಯ ಬಲ್ಬ್ ಅಷ್ಟನ್ನು ತಿಂದು ಮಂಕಾದ ಹಳದಿ ಬೆಳಕು ಕೊಡುತ್ತಿತ್ತು. ಈಗಿನ ಎಲ್‌ಇಡಿ ಅದೇ 2.4 ವ್ಯಾಟಿನಲ್ಲಿ ರಸ್ತೆಯ ಹೊಂಡವನ್ನು ದೂರದಿಂದಲೇ ತೋರಿಸುತ್ತದೆ. ಒಳ್ಳೆಯ ಡೈನಮೋ ದೀಪದಲ್ಲಿ ಪುಟ್ಟದೊಂದು ಕೆಪಾಸಿಟರ್ ಇರುತ್ತದೆ. ಸಿಗ್ನಲ್ ಬಳಿ ಸೈಕಲ್ ನಿಂತರೂ ಕೆಲವು ನಿಮಿಷ ದೀಪ ಉರಿಯುತ್ತಲೇ ಇರುತ್ತದೆ. ಡೈನಮೋ ಬದಲಾಗಲಿಲ್ಲ, ದೀಪ ಜಾಣವಾಯಿತು. ಹಾಗಾಗಿ ದೀಪದ ಮಟ್ಟಿಗೆ ಡೈನಮೋ ಇಂದು ಹಿಂದೆಂದಿಗಿಂತ ಉತ್ತಮ.

ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯ ಹೆಸರು ಕೇಳಿರಬಹುದು. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1200 ಕಿಲೋಮೀಟರ್, ಹೆಚ್ಚೆಂದರೆ 90 ಗಂಟೆ. ರಾತ್ರಿಯಿಡೀ ತುಳಿಯುವ ಅಲ್ಲಿ ಮುಂದಿನ ದೀಪ, ಹಿಂದಿನ ದೀಪ ಕಡ್ಡಾಯ. ಬಹಳ ಜನ ಹಬ್ ಡೈನಮೋವನ್ನೇ ನಂಬುತ್ತಾರೆ. ಲೋಕದ ಅನುಭವಿ ಸವಾರರು ದೀಪವನ್ನು ಪಟ್ಟಿಯ ತಲೆಗಿಡುವಾಗ ನಾವು ಬಾಲಕ್ಕಿಡುತ್ತಿದ್ದೇವೆ.

ಡೈನಮೋ ಭಕ್ತರಿಗೂ ಒಂದು ಮಾತು

ಹಾಗಾದರೆ ಡೈನಮೋ ಹಾಕಿ ಫೋನ್ ಚಾರ್ಜ್ ಮಾಡೋಣ, ಕರೆಂಟು ಪುಕ್ಕಟೆ ಎಂದು ಕುಣಿಯುವವರೂ ಇದ್ದಾರೆ. ಪುಕ್ಕಟೆ ಅಲ್ಲ. ಅದು ನಿಮ್ಮ ಕಾಲಿನಿಂದ ಬರುತ್ತದೆ.

3 ವ್ಯಾಟ್ ಹೊರಬರಲು ಹಬ್ ನಿಮ್ಮಿಂದ 5–6 ವ್ಯಾಟ್ ಕಿತ್ತುಕೊಳ್ಳುತ್ತದೆ. ಸಾಮಾನು ಸೇರಿ 100 ಕಿಲೋ ಭಾರದೊಂದಿಗೆ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅದು ಪ್ರತಿ ಕಿಲೋಮೀಟರಿಗೂ ಹೆಚ್ಚುವರಿಯಾಗಿ ಒಂದೂವರೆ ಮೀಟರ್ ಏರು ಹತ್ತಿದಂತೆ. ಇದು ದೊಡ್ಡ ಹೊರೆಯಲ್ಲ. ದೀಪಕ್ಕಾಗಿ ಸಂತೋಷದಿಂದ ಕೊಡಬಹುದು. ಆದರೆ ಫೋನಿನ ಹಸಿವು ಬೇರೆ.

ಈಗಿನ ಫೋನಿನ 5000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 19 ವ್ಯಾಟ್-ಅವರ್. ಡೈನಮೋದ ಏರಿಳಿತದ ವಿದ್ಯುತ್ತನ್ನು ಯುಎಸ್‌ಬಿಯ ನೇರ 5 ವೋಲ್ಟಿಗೆ ತರಲು ಪರಿವರ್ತಕ ಬೇಕು, ಅಲ್ಲೂ ಸ್ವಲ್ಪ ಸೋರುತ್ತದೆ. ಗಂಟೆಗೆ 15 ಕಿಲೋಮೀಟರಿನಂತೆ ಐದು ಗಂಟೆ, ಅಂದರೆ 75 ಕಿಲೋಮೀಟರ್ ತುಳಿದರೆ ಫೋನಿಗೆ ಸೇರುವುದು ಅರ್ಧ ಚಾರ್ಜ್. ಪರದೆ ಬೆಳಗಿಸಿ ಮ್ಯಾಪ್ ನೋಡುತ್ತಾ ಹೋದರೆ ಬಂದದ್ದೆಲ್ಲ ಅಲ್ಲೇ ಖರ್ಚು. ತೂತು ಕೊಡಕ್ಕೆ ನೀರು ಹೊಯ್ದಂತೆ.

ಘಾಟಿಯಲ್ಲಂತೂ ಅದೂ ಇಲ್ಲ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗ ಇಲ್ಲದಿದ್ದರೆ ಹೆಚ್ಚಿನ ಪರಿವರ್ತಕಗಳು ಎಚ್ಚರಗೊಳ್ಳುವುದೇ ಇಲ್ಲ. ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಏದುಸಿರು ಬಿಡುತ್ತಾ ಏಳು ಕಿಲೋಮೀಟರ್ ವೇಗದಲ್ಲಿ ಹತ್ತುವವನಿಗೆ ಫೋನ್ ಚಾರ್ಜ್ ಆಗುವುದು ಕನಸಿನ ಮಾತು.

2010ರಲ್ಲಿ ನೋಕಿಯಾ ಕಂಪನಿ ಕೆನ್ಯಾದ ನೈರೋಬಿಯಲ್ಲಿ ಸೈಕಲ್ ಚಾರ್ಜರ್ ಕಿಟ್ ಒಂದನ್ನು ಪ್ರಕಟಿಸಿತು. ಕರೆಂಟಿಲ್ಲದ ಹಳ್ಳಿಗಳಿಗಾಗಿ ಮಾಡಿದ ಬಾಟಲ್ ಡೈನಮೋ ಅದು. ಹತ್ತು ನಿಮಿಷ ತುಳಿದರೆ ಸುಮಾರು 28 ನಿಮಿಷ ಮಾತಾಡಬಹುದು ಎಂದು ಕಂಪನಿ ಹೇಳಿತ್ತು. ಅಂದಿನ ಬಟನ್ ಫೋನಿಗೆ ಅದು ಸತ್ಯವೇ. ಅಂದಿನಿಂದ ಇಂದಿಗೆ ಡೈನಮೋ ಅದೇ 3 ವ್ಯಾಟಿನಲ್ಲಿ ನಿಂತಿದೆ, ಮನುಷ್ಯನ ಕಾಲೂ ಅದೇ. ಬೆಳೆದದ್ದು ಫೋನಿನ ಹೊಟ್ಟೆ ಮಾತ್ರ. ತಪ್ಪು ಡೈನಮೋದ್ದಲ್ಲ.

ಪವರ್ ಬ್ಯಾಂಕ್: ಸಾಧಾರಣ, ಆದರೆ ಪ್ರಾಮಾಣಿಕ

ಉಳಿಯಿತು ಪವರ್ ಬ್ಯಾಂಕ್. ಅದು ವಿದ್ಯುತ್ ಹುಟ್ಟಿಸುವುದಿಲ್ಲ, ಕೆಎಸ್‌ಇಬಿಯ ವಿದ್ಯುತ್ತನ್ನು ಹೊತ್ತು ತರುತ್ತದೆ ಅಷ್ಟೆ. ಹೊತ್ತು ತರುವುದರಲ್ಲಿ ಅವಮಾನ ಏನಿದೆ? ಅಕ್ಕಿಯನ್ನೂ ನಾವು ದಾರಿಯಲ್ಲಿ ಬೆಳೆಯುವುದಿಲ್ಲವಲ್ಲ.

ಡಬ್ಬಿಯ ಮೇಲಿನ ಅಂಕಿ ಓದುವುದನ್ನು ಮಾತ್ರ ಕಲಿಯಿರಿ. 10,000 ಎಂಎಎಚ್ ಎಂದರೆ ಒಳಗಿನ 3.7 ವೋಲ್ಟಿನ ಸೆಲ್ ಲೆಕ್ಕ, ಅಂದರೆ 37 ವ್ಯಾಟ್-ಅವರ್. 5 ವೋಲ್ಟಿಗೆ ಏರಿಸುವಾಗಿನ ನಷ್ಟ ಕಳೆದರೆ ಕೈಗೆ ಸಿಗುವುದು ಅದರ ಮೂರನೇ ಎರಡು ಭಾಗದ ಆಸುಪಾಸು. ಒಂದು ದೊಡ್ಡ ಫೋನನ್ನು ಒಮ್ಮೆ ತುಂಬಿಸಿ ಸ್ವಲ್ಪ ಉಳಿಯುತ್ತದೆ. ಕಾಲು ಕಿಲೋ ತೂಕದೊಳಗೆ ಇಷ್ಟು ಸಿಗುವಾಗ, ರಾತ್ರಿ ಯಾವುದಾದರೂ ಚರ್ಚಿನ ಸಭಾಂಗಣದಲ್ಲೋ ಶಾಲೆಯಲ್ಲೋ ಮಲಗುವ ಮೂರು ದಿನದ ಯಾತ್ರೆಗೆ ಇನ್ನೇನು ಬೇಕು? ಪ್ರತಿ ರಾತ್ರಿ ಅದನ್ನು ಮತ್ತೆ ತುಂಬಿಸಬಹುದು.

ಆದರೆ ಒಂದೇ ಪವರ್ ಬ್ಯಾಂಕಿನಿಂದ ಫೋನೂ ದೀಪವೂ ಕುಡಿಯುವಂತೆ ಎಂದಿಗೂ ಮಾಡಬೇಡಿ. ರಾತ್ರಿ ಹಾಡು ಕೇಳಿ, ಫೋಟೋ ಕಳಿಸಿ, ರೀಲ್ಸ್ ನೋಡಿ ಮಲಗಿದವನ ಪವರ್ ಬ್ಯಾಂಕ್ ಬೆಳಿಗ್ಗೆ ಐದಕ್ಕೆ ಖಾಲಿ. ದೀಪವನ್ನು ಅದಕ್ಕೇ ಸಿಕ್ಕಿಸಿದ್ದರೆ ದೀಪವೂ ಖಾಲಿ. ಆ ಹೊತ್ತಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಏನು ಓಡುತ್ತದೆ ಎಂದು ನಿಮಗೆ ಗೊತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟ ಚಾಲಕ, ಹಿಂದೆ ಮೀನಿನ ಲೋಡು. ಅವನಿಗೆ ನಿಮ್ಮ ಬೆನ್ನಿನ ಮೇಲಿನ ಯಾತ್ರೆಯ ಹೆಸರು ಬರೆದ ಟೀ ಶರ್ಟ್ ಕಾಣುವುದಿಲ್ಲ. ಕಾಣುವುದು ಒಂದು ಕೆಂಪು ಚುಕ್ಕೆ ಮಾತ್ರ. ಆ ಚುಕ್ಕೆ ಇದ್ದರೆ ಅವನು ಬದಿಗೆ ತಿರುಗುತ್ತಾನೆ. ಫೋನ್ ಸತ್ತರೆ ಒಂದು ಫೋಟೋ ತಪ್ಪುತ್ತದೆ. ದೀಪ ಸತ್ತರೆ ಏನು ತಪ್ಪುತ್ತದೆ ಎಂದು ಬಿಡಿಸಿ ಹೇಳಬೇಕೇ?

ಯಾರು ಬರಲಿಲ್ಲ?

ಈಗ ಹಣದ ಮಾತು. ಇದೇ ನನಗೆ ಹೆಚ್ಚು ನೋವಿನ ವಿಷಯ.

ಸೋಲಾರ್ ಪ್ಯಾನೆಲ್, ದೊಡ್ಡ ಪವರ್ ಬ್ಯಾಂಕ್, ಸ್ಪೀಕರ್, ಸ್ಟ್ಯಾಂಡ್ ಎಲ್ಲ ಸೇರಿದರೆ ಕೆಲವರ ಸೈಕಲಿಗಿಂತ ಆ ಪಟ್ಟಿಯ ಬೆಲೆಯೇ ಹೆಚ್ಚು. ನಮ್ಮ ನಡುವೆ ಅಪ್ಪನ ಹಳೆಯ ಕಬ್ಬಿಣದ ಸೈಕಲ್ ತುಳಿಯುವ ಹುಡುಗರಿದ್ದಾರೆ, ಅಕ್ಕನ ಸೈಕಲ್ ಹಂಚಿಕೊಳ್ಳುವ ಹುಡುಗಿಯರಿದ್ದಾರೆ. ಪಟ್ಟಿ ಓದಿ "ನಾನು ಬರುವುದಿಲ್ಲ, ಮನೆಯಲ್ಲಿ ಕೆಲಸವಿದೆ" ಎನ್ನುವ ಹುಡುಗನ ಮಾತಿನ ಅರ್ಥ ಕೆಲಸವಲ್ಲ. ನಾವು ಸಾಮಾನಿನ ಪಟ್ಟಿ ಬರೆಯುವಾಗ ಯಾರು ಬರಬಾರದು ಎಂಬ ಪಟ್ಟಿಯನ್ನೂ ಗೊತ್ತಿಲ್ಲದೆ ಬರೆಯುತ್ತಿದ್ದೇವೆ. ಯುವಜನರ ಯಾತ್ರೆಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಇಲ್ಲ.

ಹಬ್ ಡೈನಮೋ ಅಗ್ಗವೇ ಎಂದು ಕೇಳುತ್ತೀರಿ. ಅಲ್ಲ. ಹಬ್, ಅದಕ್ಕೆ ಹೊಸದಾಗಿ ಕಡ್ಡಿ ಬಿಗಿದು ಚಕ್ರ ಕಟ್ಟುವ ಕೂಲಿ, ದೀಪ, ಎಲ್ಲ ಸೇರಿದರೆ ಅದೂ ಸಾಮಾನ್ಯ ಸೈಕಲಿನ ಬೆಲೆ ದಾಟೀತು. ಅದಕ್ಕೇ ಪ್ರತಿಯೊಬ್ಬನೂ ಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಹನ್ನೆರಡು ಜನರ ಗುಂಪಿನಲ್ಲಿ ಹನ್ನೆರಡು ಸೋಲಾರ್ ಹಾಳೆಗೆ ಹೋಗುವ ಹಣವನ್ನು ಒಟ್ಟು ಮಾಡಿ. ಅದರಲ್ಲಿ ಮೊದಲು ಎಲ್ಲರಿಗೂ ಹಿಂದಿನ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಕೊಳ್ಳಿ. ಉಳಿದದ್ದರಲ್ಲಿ ಎರಡು ಡೈನಮೋ ಚಕ್ರ ಕಟ್ಟಿಸಿ. ಒಂದು ಸಾಲಿನ ಮೊದಲ ಸೈಕಲಿಗೆ, ಇನ್ನೊಂದು ಕೊನೆಯ ಸೈಕಲಿಗೆ. ಮೊದಲಿನವನು ಹೊಂಡ ನೋಡುತ್ತಾನೆ, ಕೊನೆಯವನು ಲಾರಿಗೆ ಕಾಣುತ್ತಾನೆ. ಆ ಚಕ್ರಗಳು ಗುಂಪಿನ ಆಸ್ತಿ. ಮುಂದಿನ ವರ್ಷವೂ ಇರುತ್ತವೆ, ಅದರ ಮುಂದಿನ ವರ್ಷದ ಮಕ್ಕಳಿಗೂ ಇರುತ್ತವೆ. ಪವರ್ ಬ್ಯಾಂಕಿನಂತೆ ಕಪಾಟಿನಲ್ಲಿ ಮಲಗಿ ಊದಿಕೊಳ್ಳುವುದಿಲ್ಲ.

ಫೋನಿನ ಹಸಿವು ತಗ್ಗಿಸುವುದು

"ಆದರೆ ದಾರಿ ತಪ್ಪಿದರೆ? ಅಪಘಾತವಾದರೆ?" ನ್ಯಾಯವಾದ ಪ್ರಶ್ನೆ. ಉತ್ತರ ಹೆಚ್ಚು ವಿದ್ಯುತ್ ಅಲ್ಲ, ಕಡಿಮೆ ಖರ್ಚು. ಮ್ಯಾಪನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿ. ಇಡೀ ಗುಂಪಿಗೆ ಒಂದೇ ಫೋನ್ ದಾರಿ ತೋರಿಸಲಿ, ಇನ್ನೊಂದು ತುರ್ತು ಕರೆಗೆ ಸಿದ್ಧವಿರಲಿ, ಉಳಿದವು ಏರೋಪ್ಲೇನ್ ಮೋಡ್‌ನಲ್ಲಿ ಮಲಗಲಿ. ನಾಳೆ ದಾಟುವ ಊರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಚೀಟಿಗೆ ಚಾರ್ಜ್ ಬೇಡ.

ಪೋಷಕರೇ, ನಿಮಗೂ ಒಂದು ವಿನಂತಿ. "ಲೈವ್ ಲೊಕೇಶನ್ ಹಾಕಿಯೇ ಇಡು" ಎನ್ನುತ್ತೀರಿ. ಪ್ರೀತಿಯಿಂದಲೇ ಹೇಳುತ್ತೀರಿ. ಆದರೆ ಜಿಪಿಎಸ್ ಮತ್ತು ಡೇಟಾ ದಿನವಿಡೀ ತೆರೆದಿದ್ದರೆ ಸಂಜೆಯ ಹೊತ್ತಿಗೆ ಫೋನ್ ಸಾಯುತ್ತದೆ, ನಿಜವಾಗಿ ಬೇಕಾದಾಗ ಕರೆ ಹೋಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಕರೆ ಎಂದು ನಿಗದಿ ಮಾಡಿಕೊಳ್ಳಿ. ಹೊರಡುವ ಮುನ್ನ "ಎಷ್ಟು ಎಂಎಎಚ್ ಇದೆ" ಎನ್ನುವ ಬದಲು "ಹಿಂದಿನ ದೀಪ ಉರಿಯುತ್ತದೆಯೇ, ತೋರಿಸು" ಎಂದು ಕೇಳಿ. ಮಗ ನಿಮ್ಮ ಮುಂದೆ ಒಮ್ಮೆ ಹಚ್ಚಿ ತೋರಿಸಲಿ.

ಪ್ಲಗ್ ಕೇಳುವುದು ನಾಚಿಕೆಯಲ್ಲ

ಸೋಲಾರ್ ಹಾಳೆಯ ಹಿಂದೆ ಇನ್ನೊಂದು ಆಸೆಯಿದೆ. ಯಾರ ಬಳಿಯೂ ಏನನ್ನೂ ಕೇಳದೆ ಹೋಗಬೇಕು, ನಾನು ಸ್ವಾವಲಂಬಿ ಎಂಬ ಹೆಮ್ಮೆ. ಅದರ ಬೆಲೆ ಎಷ್ಟು ನೋಡೋಣ. ನಷ್ಟವೂ ಸೇರಿ ಒಂದು ಫೋನ್ ತುಂಬಲು ಸುಮಾರು 25 ವ್ಯಾಟ್-ಅವರ್ ಸಾಕು. ನಲವತ್ತು ಫೋನ್ ತುಂಬಿದರೆ ಒಂದು ಯೂನಿಟ್. ಅಂದರೆ ಒಬ್ಬ ಅಂಗಡಿಯವರು ನಿಮ್ಮ ಫೋನ್ ಚಾರ್ಜ್ ಮಾಡಿಕೊಟ್ಟರೆ ಅವರ ಬಿಲ್ಲಿನಲ್ಲಿ ಏರುವುದು ಪೈಸೆಗಳ ಲೆಕ್ಕ. ಅವರು ಕೊಡುವುದು ವಿದ್ಯುತ್ತನ್ನಲ್ಲ, ನಂಬಿಕೆಯನ್ನು.

ಅದೇ ಒಂದು ಯೂನಿಟನ್ನು ಕಾಲಿನಿಂದ ಹುಟ್ಟಿಸಲು ಹೊರಟರೆ, ದೀರ್ಘಕಾಲ 75ರಿಂದ 100 ವ್ಯಾಟ್ ಕೊಡಬಲ್ಲ ಸಾಮಾನ್ಯ ಸವಾರ ಹತ್ತು ಗಂಟೆಗೂ ಹೆಚ್ಚು ಎಡೆಬಿಡದೆ ತುಳಿಯಬೇಕು. ಇದು ಗೊತ್ತಾದವನು ಮನೆಯಲ್ಲಿ ಸುಮ್ಮನೆ ತಿರುಗುವ ಫ್ಯಾನನ್ನು ಎದ್ದು ಆರಿಸುತ್ತಾನೆ. ಸೈಕಲ್ ಕಲಿಸುವ ಪಾಠ ಇದು.

ಆದ್ದರಿಂದ ಕೇಳಿ, ಮರ್ಯಾದೆಯಿಂದ ಕೇಳಿ. ಮೊದಲು ಚಹಾ ಹೇಳಿ, ಆಮೇಲೆ ಪ್ಲಗ್ ಕೇಳಿ. ಹನ್ನೆರಡು ಜನ ಒಟ್ಟಿಗೆ ನುಗ್ಗಿ ಫ್ರಿಜ್ಜಿನ ಪ್ಲಗ್ ಕೀಳಬೇಡಿ. ಒಂದು ಅಂಗಡಿಗೆ ಎರಡು ಫೋನ್ ಸಾಕು. ಕಾಯುವ ಅರ್ಧ ಗಂಟೆಯಲ್ಲಿ ಆ ಊರಿನ ಹೆಸರು, ಆ ಮನುಷ್ಯರ ಹೆಸರು ಕೇಳಿ. ಮಲಯಾಳವೋ ತುಳುವೋ ಕನ್ನಡವೋ, ಬಂದಷ್ಟು ಮಾತಾಡಿ. ಯಾರನ್ನೂ ಕೇಳದೆ, ಯಾರಿಗೂ ಋಣಿಯಾಗದೆ ಮುಗಿಸಿದ ಯಾತ್ರೆಯಲ್ಲಿ ನೀವು ನೋಡಿದ್ದು ಡಾಂಬರು ಮಾತ್ರ.

ಈ ವರ್ಷದ ಪಟ್ಟಿಯನ್ನು ಯಾರು ಬರೆಯುತ್ತೀರೋ ಅವರಲ್ಲಿ ನನ್ನ ಬೇಡಿಕೆ ಇಷ್ಟು. ಮೊದಲ ಸಾಲಿನಲ್ಲಿ "ಮುಂದಿನ ದೀಪ, ಹಿಂದಿನ ದೀಪ" ಎಂದು ಬರೆಯಿರಿ, "ಇದ್ದರೆ" ಎಂಬ ಪದ ತೆಗೆಯಿರಿ, "ಇಲ್ಲದವರಿಗೆ ಗುಂಪಿನಿಂದ ಕೊಡಲಾಗುವುದು" ಎಂದು ಸೇರಿಸಿ. ಎರಡನೇ ಸಾಲಿನಲ್ಲಿ ದೀಪಕ್ಕೆ ಬೇರೆಯದೇ ಬ್ಯಾಟರಿ ಇಲ್ಲವೇ ಡೈನಮೋ. ಮೂರನೆಯದಾಗಿ ಇಬ್ಬರಿಗೊಂದು ಪವರ್ ಬ್ಯಾಂಕ್. ಸೋಲಾರ್ ಹಾಳೆಯನ್ನು ಪಟ್ಟಿಯಿಂದಲೇ ಹೊಡೆದು ಹಾಕಿ. ಒಪ್ಪದವರು ತಮ್ಮ ಲೆಕ್ಕ ತರಲಿ, ಮುಂದಿನ ಭಾನುವಾರದ ಸಭೆಯಲ್ಲಿ ಕುಳಿತು ವಾದ ಮಾಡೋಣ. ಆದರೆ ಆ ಸಭೆಗೆ ಸೈಕಲಿನಲ್ಲಿ ಬರುವವರು, ಕತ್ತಲಾದ ಮೇಲೆ ಮನೆಗೆ ಹೋಗುವ ದಾರಿಗೆ ದೀಪ ತನ್ನಿ.